ಬಾಗಿಲು ಮುಚ್ಚುವ ಹಬ್ಬ

ಕಳೆದ ವಾರ ಕೊಂಡಾಪುರದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ರಕ್ತ ಕಡಿಮೆ ಇದೆ ಎಂದು ಯಾರೋ ಹೇಳಿದರಂತೆ, ಕಪ್ಪು ಒಣದ್ರಾಕ್ಷಿ ನೆನೆಹಾಕಿ, ಪಾತ್ರೆ ಮುಚ್ಚಿಟ್ಟು ಮರೆತುಬಿಟ್ಟಿದ್ದಳು. ಮೂರನೆಯ ದಿನ ಮುಚ್ಚಳ ತೆಗೆದಾಗ ಹುಳಿ ಹುಳಿಯಾದ ವಾಸನೆ ಮನೆಯೆಲ್ಲ ತುಂಬಿತು. ಅವಳು ಮೂಗು ಹಿಡಿದುಕೊಂಡು ನಕ್ಕಳು. ನಾನು ಎದ್ದು ಬಾಲ್ಕನಿಗೆ ಹೋದೆ. "ಏನಾತ ಅಕ್ಕಾ?" ಎಂದಳು. ಏನಿಲ್ಲ ಎಂದೆ. ಅದೇ ವಾಸನೆ ಮಲ್ಕಾಜ್‌ಗಿರಿಯಲ್ಲಿ ಒಂದು ಮುಚ್ಚಿದ ಬಾಗಿಲ ಕೆಳಗಿನಿಂದ ನಾಲ್ಕು ದಿನ ಬಂದಿತ್ತು ಎಂದು ಹೇಳಿದ್ದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಆಗ ನಾನು ಮಲ್ಕಾಜ್‌ಗಿರಿ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲರ್ಕ್. ಗಾಜಿನ ಹಿಂದೆ ಕೂತು, ರೈಲು ಹೊರಟ ಮೇಲೆ ಓಡಿಬರುವವರ ಮೇಲೆ, ಕಿಟಕಿಗೆ ಬಂದು ಊರಿನ ಹೆಸರು ಮರೆತು ನಿಲ್ಲುವವರ ಮೇಲೆ ಮೂರು ಭಾಷೆಗಳಲ್ಲಿ ರೇಗುವುದು ನನ್ನ ಕೆಲಸ. ನನ್ನ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಅವ್ವ ಮೊದಲಿಂದಲೂ ಹೇಳುತ್ತಿದ್ದಳು. ಅವಳನ್ನು ಹುಬ್ಬಳ್ಳಿಯಿಂದ ಈ ತೆಲುಗು ಊರಿಗೆ ಕರೆತಂದು ರೈಲ್ವೆ ಗೇಟಿನ ಹಿಂದಿನ ಓಣಿಯಲ್ಲಿ ಮಹಡಿ ಮನೆ ಹಿಡಿದಿದ್ದೆ. ಆ ಮಹಡಿಯಲ್ಲಿ ಎರಡೇ ಮನೆ, ಬಾಗಿಲಿಗೆ ಬಾಗಿಲು ಎದುರು. ಎದುರಿನ ಮನೆಯಲ್ಲಿ ರಿಬ್ಕಾಬಾಯಿ ಒಬ್ಬರೇ ಇದ್ದರು. ಗಂಡ ರೈಲ್ವೆ ಗಾರ್ಡ್ ಆಗಿದ್ದು ತೀರಿಕೊಂಡಿದ್ದರು, ಮಗಳು ಫ್ಲೋರಾ ಮದುವೆಯಾಗಿ ಮರಾಠಿ ಸೀಮೆಯ ಠಾಣೆ ಎಂಬ ಊರಿನಲ್ಲಿದ್ದಳು.

ಅವರು ಯೆಹೂದಿ. ಹಾಗೆಂದರೆ ಓಣಿಯವರಿಗೆ ಅರ್ಥವಾಗುತ್ತಿರಲಿಲ್ಲ. ಕ್ರಿಶ್ಚಿಯನ್ನರಾ, ಪಾರ್ಸಿಗಳಾ ಎಂದು ಕೇಳಿ ಕೇಳಿ ಅವರನ್ನು ಸುಸ್ತು ಮಾಡಿದ್ದರು. ಅವ್ವನಿಗೆ ಮಾತ್ರ ಅವರು ಕುಳಿತು ವಿವರಿಸಿದರು. "ನಮ್ಮ ಹಿರೇರು ಕೊಂಕಣದಾಗ ಎಣ್ಣಿ ಗಾಣದವರು ನೋಡ್ರಿ. ಶನಿವಾರ ಗಾಣಾ ಹೂಡತಿದ್ದಿಲ್ಲ. ಅದಕ್ಕ ಮಂದಿ ನಮ್ಮನ್ನ ಶನಿವಾರ ತೇಲಿ, ಅಂದ್ರ ಶನಿವಾರದ ಗಾಣಿಗ್ರು, ಅಂತಿದ್ರು. ನಮ್ಮಪ್ಪ ಹುಬ್ಬಳ್ಳಿ ವರ್ಕ್‌ಶಾಪಿನ್ಯಾಗ ಬಡಿಗ್ಯಾ." ಹುಬ್ಬಳ್ಳಿ ಎಂದದ್ದೇ ತಡ, ಅವ್ವನಿಗೆ ಅವರ ಧರ್ಮ ಯಾವುದಾದರೇನು! ಅಂದಿನಿಂದ ಇಬ್ಬರೂ ಒಂದೇ ತಟ್ಟೆಯಲ್ಲಿ ಚುರುಮುರಿ ತಿನ್ನುವಷ್ಟು ಹತ್ತಿರವಾದರು. ನಾನು ಅವರನ್ನು ಚಿಕ್ಕಮ್ಮನೆಂಬಂತೆ ಮೌಶಿ ಎಂದು ಕರೆಯತೊಡಗಿದೆ.

ಆ ವರ್ಷ ಮಳೆ ಮಹಾಲಯ ಅಮಾವಾಸ್ಯೆ ಕಳೆದರೂ ಬಿಡಲಿಲ್ಲ. ಓಣಿಯ ತೆಲುಗು ಹೆಣ್ಣುಮಕ್ಕಳು ತಮ್ಮ ಹೂವಿನ ಹಬ್ಬಕ್ಕೆ ಬತುಕಮ್ಮನ ಹೂ ಜೋಡಿಸಿಟ್ಟು, ಮಳೆ ನಿಲ್ಲಲಿ ಎಂದು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಅಮಾವಾಸ್ಯೆಯ ಮರುದಿನ ಮೌಶಿಯ ಹೊಸ ವರ್ಷ. ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ ನಮಗೆ ಕೊಟ್ಟರು. ಅಲ್ಲಿಂದ ಹತ್ತು ದಿನ ಎಣಿಸಿದರೆ ಅವರ ದೊಡ್ಡ ಉಪವಾಸ. ಆ ಸಲ ಅದು ಸರಿಯಾಗಿ ನಮ್ಮ ದಸರೆಯ ದಿನವೇ ಬಿದ್ದಿತ್ತು. "ನಿಮ್ಮ ದೇವರೂ ನಮ್ಮ ಚಂದ್ರನ ಲೆಕ್ಕಾನ ಹಿಡದಾನಲ್ರಿ ಬಾಯಾರ" ಎಂದು ಅವ್ವ ಖುಷಿಪಟ್ಟಳು.

ಹೊಸ ವರ್ಷದ ದಿನ ದೇವರು ಪುಸ್ತಕ ತೆರೆಯುತ್ತಾನಂತೆ. ಬರುವ ವರ್ಷ ಯಾರು ಬದುಕುತ್ತಾರೆ, ಯಾರು ಸಾಯುತ್ತಾರೆ ಎಂದು ಬರೆಯುತ್ತಾನೆ. ಹತ್ತನೆಯ ದಿನ ಸಂಜೆ ಪುಸ್ತಕಕ್ಕೆ ಮುದ್ರೆ ಬೀಳುತ್ತದೆ. ಬರೆದದ್ದು ತಿದ್ದಬೇಕೆಂದರೆ ಈ ಹತ್ತು ದಿನದಲ್ಲೇ ಆಗಬೇಕು. "ದೇವರಿಗೆ ಮಾಡಿದ ತಪ್ಪನ್ನ ದೇವರು ಮಾಫ್ ಮಾಡತಾನ. ಮಂದಿಗೆ ಮಾಡಿದ್ದನ್ನ ಮಂದೀನ ಮಾಫ್ ಮಾಡಬೇಕು. ಅದರಾಗ ಅಂವಾ ಕೈ ಹಾಕಂಗಿಲ್ಲ" ಎಂದರು ಮೌಶಿ. ಆ ದಿನಗಳಲ್ಲಿ ಅವರು ಮನೆ ಮನೆಗೂ ಹೋಗಿ, ಕೆಳಗಿನ ಮನೆಯ ತೆಲುಗು ಮಾಸ್ತರರಿಂದ ಹಿಡಿದು ಹಾಲಿನವನವರೆಗೆ, ತಿಳಿದೋ ತಿಳಿಯದೆಯೋ ಏನಾದರೂ ಅಂದಿದ್ದರೆ ಕ್ಷಮಿಸಿ ಎಂದು ಕೇಳಿಕೊಂಡು ಬರುತ್ತಿದ್ದರು. ಹಾಲಿನವನು ಪ್ರತಿ ವರ್ಷವೂ ಗಾಬರಿಯಾಗುತ್ತಿದ್ದ. ಅವ್ವ ಮಾತ್ರ ಅವರ ಕೈ ಹಿಡಿದು, "ನಮ್ಮಲ್ಲೆ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅಂತೇವಲ್ಲಾ, ಹಂಗ ಇದು" ಎನ್ನುತ್ತಿದ್ದಳು.

ಊರಿಗೆಲ್ಲ ಕ್ಷಮೆ ಕೇಳುವುದು ಸುಲಭವಿತ್ತು. ಅವರಿಗೆ ಬೇಕಾಗಿದ್ದುದು ಒಬ್ಬನದೇ ಕ್ಷಮೆ. ಉಪ್ಪಲ್‌ನಲ್ಲಿದ್ದ ತಮ್ಮ ರೂಬೆನ್ ಆರು ವರ್ಷದಿಂದ ಅವರೊಡನೆ ಮಾತು ಬಿಟ್ಟಿದ್ದ. ತಾಯಿ ಮೌಶಿಯ ಮನೆಯಲ್ಲೇ ತೀರಿಕೊಂಡಾಗ ಅವನು ರೈಲು ನಡೆಸುತ್ತ ದೂರದಲ್ಲೆಲ್ಲೋ ಇದ್ದ. ಅವರಲ್ಲಿ ಹೆಣವನ್ನು ಕಾಯಿಸುವಂತಿಲ್ಲ, ಅಂದೇ ಮಣ್ಣು ಮಾಡಬೇಕು. ಠಾಣೆಯಲ್ಲಿದ್ದ ಅವರ ಜನದ ಹಿರಿಯರೂ ಫೋನಿನಲ್ಲಿ ಅದನ್ನೇ ಹೇಳಿದರು. ಮೌಶಿ ಮಧ್ಯಾಹ್ನವೇ ಮುಗಿಸಿದರು. ಅವನು ಸಂಜೆ ಡ್ಯೂಟಿಯ ಬಟ್ಟೆಯಲ್ಲೇ ಓಡಿಬಂದಾಗ ಹಸಿ ಮಣ್ಣಷ್ಟೇ ಇತ್ತು. "ಮೂರು ತಾಸು ತಡೀಲಿಲ್ಲ ನೀ" ಎಂದನಂತೆ. ಅದೇ ಕೊನೆಯ ಮಾತು.

ಆ ವರ್ಷ ಅವರ ಜೊತೆ ಆಟೋದಲ್ಲಿ ನಾನೂ ಉಪ್ಪಲ್‌ಗೆ ಹೋದೆ. ರಸ್ತೆಯಲ್ಲಿ ಮೊಣಕಾಲುದ್ದ ನೀರು. ಗೇಟಿನ ಹೊರಗೆ ಕೊಡೆ ಹಿಡಿದು ನಿಂತೆವು. ಒಳಗೆ ಟಿವಿಯ ಸದ್ದು ಕೇಳಿಸುತ್ತಿತ್ತು. ಮೌಶಿ "ರೂಬೆನ್" ಎಂದು ಕೂಗಿದ್ದೇ ಸದ್ದು ಇನ್ನೂ ಜೋರಾಯಿತು. ಹೊರಗೆ ಬಂದದ್ದು ಅವನ ಹೆಂಡತಿ ಲೀನಾ. ಅವಳ ಮುಖದಲ್ಲಿ ಸಂಕೋಚವಿತ್ತು. "ದೀದಿ, ಅವರು ಬರೋದಿಲ್ಲ" ಎಂದು ಹಿಂದಿಯಲ್ಲಿ ಹೇಳಿದಳು. ಮೌಶಿ ಚೀಲದಿಂದ ಚೀಟಿ ತೆಗೆದು ನನ್ನ ನಂಬರು ಬರೆದು ಅವಳ ಕೈಗೆ ಕೊಟ್ಟರು. ಹಬ್ಬದ ದಿನ ತಮ್ಮ ಫೋನು ಬಂದ್ ಇರುತ್ತದೆ, ಅವನ ಮನಸ್ಸೇನಾದರೂ ತಿರುಗಿದರೆ ಇವಳಿಗೆ ಹೇಳು ಎಂದರು. ಮರಳಿ ಆಟೋ ಹತ್ತಿದೆವು. ನನಗೆ ಆ ಮನುಷ್ಯನ ಮೇಲೆ ಮೈಯೆಲ್ಲ ಉರಿಯುವಷ್ಟು ಕೋಪ ಬಂದಿತ್ತು.

ಉಪವಾಸದ ಹಿಂದಿನ ದಿನ ಮೌಶಿ ಬಿಸಿನೀರು, ಆಮೇಲೆ ತಣ್ಣೀರು ಸ್ನಾನ ಮಾಡಿ ಬಿಳಿ ಸೀರೆ ಉಟ್ಟರು. ಗಾಜಿನ ಲೋಟದಲ್ಲಿ ನೀರು, ಮೇಲೆ ಕೊಬ್ಬರಿ ಎಣ್ಣೆ ಹಾಕಿ, ಮರುದಿನ ಸಂಜೆಯವರೆಗೆ ಉರಿಯುವ ದೀಪ ಹಚ್ಚಿದರು. ಉಪವಾಸ ಬಿಡುವಾಗ ಕುಡಿಯಲು ಶರಬತ್ತಿಗೆಂದು ಒಣದ್ರಾಕ್ಷಿ ನೆನೆಹಾಕಿದರು. ಕಾಲಿಂಗ್ ಬೆಲ್ಲಿನ ಸ್ವಿಚ್ಚನ್ನೂ ಆರಿಸಿದರು. ಆ ಹಬ್ಬಕ್ಕೆ ಯೋಮ್ ಕಿಪ್ಪುರ್ ಎಂದು ಹೆಸರು, ಆದರೆ ಅವರ ಅಜ್ಜಿಯರು ಮರಾಠಿಯಲ್ಲಿ ಬಾಗಿಲು ಮುಚ್ಚುವ ಹಬ್ಬ ಎಂದೇ ಕರೆಯುತ್ತಿದ್ದರಂತೆ. ಹಿಂದೆ ಕೊಂಕಣದಲ್ಲಿ ಆ ದಿನ ಅವರ ಕೇರಿಯ ಬಾಗಿಲುಗಳೆಲ್ಲ ಮುಚ್ಚಿರುತ್ತಿದ್ದವು. ಹೊರಗಿನವರನ್ನು ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ, ಅನ್ನವಿಲ್ಲ, ನೀರಿಲ್ಲ, ಬರೀ ಪ್ರಾರ್ಥನೆ. ಸಿನಗಾಗ್ ಎಂಬ ಅವರ ಪ್ರಾರ್ಥನಾ ಮಂದಿರ ಇರುವ ಊರಿನವರು ಅಲ್ಲಿಗೆ ಹೋಗುತ್ತಾರೆ. ಇಲ್ಲಿ ಎಲ್ಲಿದೆ? ಮೌಶಿ ಅಜ್ಜಿಯ ಪದ್ಧತಿಯನ್ನೇ ಹಿಡಿದಿದ್ದರು.

"ನಾಳೆ ಸಂಜೀಕ ಆಕಾಶದಾಗ ಮೂರು ಚುಕ್ಕಿ ಕಾಣೂ ತನಕಾ ಬಾಗಲಾ ಬಡೀಬ್ಯಾಡ ಕಸ್ತೂರಿ. ನನ್ನ ಪಾಲಿಗೆ ನೀವ್ಯಾರೂ ಇರಂಗಿಲ್ಲ" ಎಂದು ನಕ್ಕರು.

"ನಾ ಕಾಯತೀನಿ ತಗೋರಿ, ಒಂದು ಗುಬ್ಬಿನೂ ಬರಗೊಡಂಗಿಲ್ಲ" ಎಂದೆ. ಅವರು ಬಾಗಿಲ ಚೌಕಟ್ಟಿನ ಮೇಲೆ ಓರೆಯಾಗಿ ಹೊಡೆದಿದ್ದ ಪುಟ್ಟ ತಗಡಿನ ಡಬ್ಬಿಯನ್ನು ಮುಟ್ಟಿ, ಬೆರಳಿಗೆ ಮುತ್ತಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಡಬ್ಬಿಯೊಳಗೆ ದೇವರ ವಾಕ್ಯ ಬರೆದ ಕಾಗದವಿತ್ತು.

ಮರುದಿನ ದಸರೆ, ನನಗೆ ರಜೆ. ಹತ್ತೂವರೆಗೆ ಫೋನು ಬಂತು. ಲೀನಾ. ಬೆಳಿಗ್ಗೆ ರೂಬೆನ್‌ನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದಾರೆ. "ರಿಬ್ಕಾಳನ್ನು ಕರಿ ಅನ್ನುತ್ತಿದ್ದಾರೆ. ಬಾಯಿ ಬಿಟ್ಟು ಕೇಳುತ್ತಿದ್ದಾರೆ" ಎಂದಳು. ಈಗಲೇ ಕಳಿಸುತ್ತೇನೆ ಎಂದು ಫೋನಿಟ್ಟು ಎದುರಿನ ಬಾಗಿಲಿಗೆ ಹೋಗಿ ಕೈ ಎತ್ತಿದೆ.

ಎತ್ತಿದ ಕೈ ಅಲ್ಲೇ ನಿಂತಿತು. ಒಳಗಿನಿಂದ ಮೆಲ್ಲಗೆ ಓದುವ ದನಿ ಕೇಳಿಸುತ್ತಿತ್ತು. ಬನ್ನಿ ಸೊಪ್ಪು ಆರಿಸುತ್ತಿದ್ದ ಅವ್ವ ನಮ್ಮ ಹೊಸ್ತಿಲಲ್ಲಿ ಬಂದು ನಿಂತಳು. ವಿಷಯ ಹೇಳಿದೆ. "ಮಡಿಯೊಳಗ ಕುಂತವರನ್ನ ಎಬ್ಬಸಬಾರದವಾ. ವರ್ಷಕ್ಕೊಂದು ದಿನಾ ಅಕಿದು. ನೀನ ಮಾತು ಕೊಟ್ಟಿ. ಸಂಜೀಕ ಹೋಗತಾರ ತಗೋ, ದವಾಖಾನ್ಯಾಗ ನೋಡಕೊಳ್ಳಾವರು ಅದಾರಲ್ಲಾ" ಎಂದಳು. ನನಗೂ ಹಾಗೇ ಅನಿಸಿತು. ಚೀಟಿ ಬರೆದು ಬಾಗಿಲ ಕೆಳಗೆ ತೂರಿಸಲೇ ಎಂದು ಯೋಚಿಸಿದೆ. ಅದೂ ಅವರ ದಿನ ಕೆಡಿಸಿದಂತೆಯೇ ಎಂದುಕೊಂಡು ಬಿಟ್ಟೆ. ಅದೂ ಅಲ್ಲದೆ, ಆರು ವರ್ಷ ಟಿವಿ ಜೋರು ಮಾಡಿಕೊಂಡು ಕೂತವನು ಇನ್ನೊಂದು ಹಗಲು ಕಾಯಲಿ ಬಿಡು ಎಂಬ ಸಣ್ಣ ಬುದ್ಧಿಯೂ ನನ್ನಲ್ಲಿತ್ತು. ಇದನ್ನು ಅವ್ವನಿಗೆ ಕೂಡ ಹೇಳಲಿಲ್ಲ.

ಒಂದು ಗಂಟೆಗೆ ಲೀನಾ ಮತ್ತೆ ಫೋನು ಮಾಡಿದಳು. ಐಸಿಯುಗೆ ಹಾಕಿದ್ದಾರೆ, ದೀದಿ ಹೊರಟಳಾ ಎಂದು ಕೇಳಿದಳು. ಹಬ್ಬ ಎಂದು ತೊದಲಿದೆ. "ನಾವು ಇಷ್ಟೆಲ್ಲ ಹಿಡಿಯೋರಲ್ಲ, ಅವಳು ಹಿಡೀತಾಳೆ ಅಂತ ಗೊತ್ತು, ಆದರೂ ಹೇಳಿ" ಎಂದು ಅತ್ತಳು. ಎರಡನೆಯ ಸಲ ಆ ಬಾಗಿಲ ಮುಂದೆ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕೈಯನ್ನು ಮರದ ಮೇಲಿಟ್ಟೆ, ಸದ್ದಾಗದಂತೆ ತೆಗೆದೆ. ಮಲ್ಕಾಜ್‌ಗಿರಿಯಿಂದ ಉಪ್ಪಲ್‌ಗೆ ಆಟೋದಲ್ಲಿ ಅರ್ಧ ತಾಸು ಸಾಕು.

ನಾಲ್ಕು ಗಂಟೆಯ ಸುಮಾರಿಗೆ ಅವನು ಹೋದನೆಂದು ತಿಳಿಯಿತು.

ಆಮೇಲಿನ ಮೂರು ತಾಸನ್ನು ನಾನು ಯಾವ ವೈರಿಗೂ ಬಯಸುವುದಿಲ್ಲ. ಇನ್ನು ಬಾಗಿಲು ಬಡಿದೂ ಪ್ರಯೋಜನವಿರಲಿಲ್ಲ. ಓಣಿಯವರು ಹೊಸ ಬಟ್ಟೆ ತೊಟ್ಟು, ತಾವು ಜಮ್ಮಿ ಎನ್ನುವ ಬನ್ನಿ ಎಲೆ ಹಿಡಿದು ಮಹಡಿ ಹತ್ತಿ ಬಂದರು. ಅವ್ವ ಅವರಿಗೆಲ್ಲ ಬನ್ನಿ ಕೊಟ್ಟು, ಸಕ್ಕರೆ ಕೊಟ್ಟು, ಬಂಗಾರದಂಗ ಇರೂಣು ಎಂದಳು. ಹೇಳುತ್ತ ಎದುರಿನ ಬಾಗಿಲತ್ತ ನೋಡುತ್ತಿದ್ದಳು. ಮಾಸ್ತರರು ಎದುರಿನ ಮನೆಯ ಬಾಗಿಲು ಬಡಿಯಲು ಹೋದಾಗ ನಾನೇ ಅಭ್ಯಾಸಬಲದಿಂದ ತಡೆದೆ.

ಏಳು ಗಂಟೆಯ ಹೊತ್ತಿಗೆ ಬಾಗಿಲು ತೆರೆಯಿತು. ಬಿಳಿ ಸೀರೆಯಲ್ಲಿ ಮೌಶಿಯ ಮುಖ ಬಾಡಿತ್ತು, ಆದರೆ ಕಣ್ಣಲ್ಲಿ ಎಂದೂ ಕಾಣದ ನೆಮ್ಮದಿ ಇತ್ತು. "ಈ ಸಲ ಭಾಳ ಹಗುರ ಅನಸಾಕತ್ತೈತಿ ಕಸ್ತೂರಿ. ನಾಳೆ ಮತ್ತ ಉಪ್ಪಲ್‌ಗೆ ಹೋಗಿ ಬರೂಣು" ಎಂದರು. ನಾನು ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಅವರು ಚೌಕಟ್ಟು ಹಿಡಿದುಕೊಂಡರು.

"ಫೋನ್ ಯಾವಾಗ ಬಂತು?"

"ಹತ್ತೂವರಿಗೆ. ಆಮ್ಯಾಲ ಒಂದಕ್ಕ. ನಾ ಬಾಗಲಾ ಬಡೀಲಿಲ್ಲ ಮೌಶಿ."

ಅವರು ಬಹಳ ಹೊತ್ತು ನೆಲದತ್ತ, ನನ್ನ ಪಾದಗಳತ್ತ ನೋಡುತ್ತ ನಿಂತರು. ಅಳುತ್ತಾರೆ, ಬೈಯುತ್ತಾರೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ರಬ್ಬರ್ ಚಪ್ಪಲಿ ಮೆಟ್ಟಿ, ಒಂದು ಗುಟುಕು ನೀರೂ ಕುಡಿಯದೆ ಕೆಳಗಿಳಿದರು.

ಹಬ್ಬದ ದಿನ ಮಣ್ಣು ಮಾಡುವಂತಿಲ್ಲವಾದ್ದರಿಂದ ಮರುದಿನ ಮಣ್ಣು. ಹಬ್ಬದ ಮರುದಿನ ಅವರಲ್ಲಿ ದಾನ ಕೊಡುವ, ನೆಂಟರ ಮನೆಗೆ ಹೋಗುವ ದಿನವಂತೆ. ಠಾಣೆಯಿಂದ ಬೆಳಗಿನ ಹೊತ್ತಿಗೆ ಬಂದವರೂ ಸೇರಿ ಗಂಡಸರು ಏಳೇ ಜನ. ಸತ್ತವರಿಗಾಗಿ ಹೇಳುವ ಮುಖ್ಯ ಪ್ರಾರ್ಥನೆಗೆ ಅವರ ಧರ್ಮದ ಹತ್ತು ಗಂಡಸರು ಬೇಕು. ಮೂವರು ಸಾಲದೆ ಅದನ್ನು ಹೇಳದೆಯೇ ಮಣ್ಣು ಎಳೆದರು. ರೂಬೆನ್ ಮನೆಗೆ ಬಂದು ಎಲ್ಲರೂ ನೆಲದ ಮೇಲೆ ಕೂತಾಗ, ಠಾಣೆಯ ಒಬ್ಬ ಹಿರಿಯರು ನನ್ನ ವಿಷಯ ಕೇಳಿ ಬೆರಗಾದರು. "ಜೀವದ ಮಾತು ಬಂದರೆ ಉಪವಾಸ ಮುರಿಯಬೇಕು ಮಗಳೇ, ಬಾಗಿಲು ಒಡೆದಾದರೂ ಕರೆಯಬೇಕು. ನಮ್ಮ ಶಾಸ್ತ್ರ ಹೇಳುವುದು ಅದನ್ನೇ" ಎಂದು ಮೆಲ್ಲಗೆ ಮರಾಠಿಯಲ್ಲಿ ಹೇಳಿದರು. ಲೀನಾ ಮೆಲ್ಲಗೆ ಹೇಳಲಿಲ್ಲ. ಎರಡು ಸಲ ಹೇಳಿದೆ, ಎರಡು ಸಲವೂ ಇವಳು ನುಂಗಿಕೊಂಡಳು, ಸಾಯುವವನ ಕೊನೆಯ ಆಸೆಯನ್ನು ಇವಳು ತಿಂದಳು ಎಂದು ಎಲ್ಲರೆದುರು ಚೀರಿದಳು. ಮೌಶಿ ಮೂಲೆಯಲ್ಲಿ, ಸಾವಿನ ದುಃಖಕ್ಕೆ ಅವರ ಪದ್ಧತಿಯಂತೆ ಹರಿದುಕೊಂಡ ಕುಪ್ಪಸದಲ್ಲಿ, ಗೋಡೆಗೆ ಒರಗಿ ಕೂತಿದ್ದರು. ಬಿಡು ಲೀನಾ ಎಂದು ಒಂದು ಮಾತು ಹೇಳುತ್ತಾರೇನೋ ಎಂದು ಅವರತ್ತ ನೋಡಿದೆ. ಅವರು ತಲೆ ಎತ್ತಲಿಲ್ಲ. ನನ್ನದೇ ತಪ್ಪು ಎಂದು ಕೈಮುಗಿದು ಹೊರಗೆ ಬಂದೆ.

ಅವರು ದುಃಖಕ್ಕೆ ಕೂಡುವ ದಿನಗಳನ್ನು ಉಪ್ಪಲ್‌ನಲ್ಲೇ ಕಳೆದರು. ಇಲ್ಲಿ ಮುಚ್ಚಿದ ಮನೆಯಲ್ಲಿ ಶರಬತ್ತಿಗೆ ನೆನೆಹಾಕಿದ್ದ ದ್ರಾಕ್ಷಿ ಹುಳಿಯಾಗಿ, ಆ ವಾಸನೆ ಬಾಗಿಲ ಸಂದಿಯಿಂದ ನಮ್ಮ ಅಡುಗೆಮನೆಯವರೆಗೂ ಬಂತು. ನನಗೆ ಅನ್ನ ಇಳಿಯುತ್ತಿರಲಿಲ್ಲ. ಕೆಲಸದಲ್ಲಿ ಎರಡು ಸಲ ತಪ್ಪು ಊರಿಗೆ ಟಿಕೆಟ್ ಕೊಟ್ಟೆ. ಅವ್ವ ತಾನೇ ನನ್ನ ಕೈ ಕಟ್ಟಿದೆನೆಂದು ರಾತ್ರಿಯೆಲ್ಲ ನರಳಿದಳು.

ಏಳು ದಿನ ಕೂಡಬೇಕಾದವರು ನಾಲ್ಕನೆಯ ದಿನವೇ ಎದ್ದು ಬಂದರು. ಸೀಗಿ ಹುಣ್ಣಿಮೆಯ ಸುಮಾರಿಗೆ ಅವರ ಚಪ್ಪರದ ಹಬ್ಬ. ಹಬ್ಬ ಬಂದರೆ ಸೂತಕ ಅಲ್ಲಿಗೇ ಕಡಿಯುತ್ತದೆ, ಅಳುವುದನ್ನೂ ನಿಲ್ಲಿಸಬೇಕು. ಅವರ ಹಿರಿಯರು ಮರಳುಗಾಡಿನಲ್ಲಿ ಅಲೆಯುವಾಗ ಚಪ್ಪರದಡಿ ಮಲಗಿದ್ದ ನೆನಪಿಗೆ ಪ್ರತಿ ವರ್ಷ ಚಪ್ಪರ ಹಾಕಿ ಅಲ್ಲಿ ಉಣ್ಣುತ್ತಾರೆ. ಮೌಶಿ ತಾರಸಿಯ ಮೇಲೆ ಬಟ್ಟೆ ಒಣಹಾಕುವ ಗಳಗಳಿಗೆ ತೆಂಗಿನ ಗರಿ ಕಟ್ಟಿ, ಆಕಾಶ ಕಾಣುವಷ್ಟು ಸಂದಿ ಬಿಟ್ಟು, ತೆಂಗಿನ ಹಾಲಿನ ಖೀರು ಮಾಡಿ, ಸಂಜೆ ನನ್ನನ್ನು ಮೇಲೆ ಕರೆದರು. ಕ್ಷಮೆ ಕೇಳಲು ಮಾತು ಜೋಡಿಸಿಕೊಂಡೇ ಹತ್ತಿದ್ದೆ.

"ಕುಂದರು. ಮೊದಲ ನಾ ಹೇಳತೀನಿ" ಎಂದರು. "ಅವತ್ತ ಬಾಗಲ ಕೆಳಗಿನ ಸಂದ್ಯಾಗ ನಿನ್ನ ಪಾದ ಕಂಡ್ವು. ಎರಡೂ ಸಲ. ಎರಡನೇ ಸಲ ನೀ ಭಾಳ ಹೊತ್ತು ನಿಂತಿದ್ದಿ."

ಖೀರಿನ ಬಟ್ಟಲನ್ನು ನನ್ನ ಕೈಗಿಟ್ಟರು.

"ಏನರೆ ಆಗೇತಿ ಅಂತ ಗೊತ್ತಾತು. ಉಪ್ಪಲ್‌ದ್ದ ಇರಬೇಕು ಅಂತನೂ ಅನಿಸ್ತು. ಜೀವದ ಮಾತಾದ್ರ ತೆಗೀಬೇಕು ಅನ್ನೂದು ನನಗ ಗೊತ್ತಿಲ್ಲೇನು? ಬಡದ್ರ ತೆಗೀತೀನಿ ಅಂದಕೊಂಡೆ. ನೀ ಬಡೀಲಿಲ್ಲ. ಪುಸ್ತಕದ ಮ್ಯಾಗ ಕಣ್ಣಿಟ್ಟು ಕುಂತೆ. ರೂಬೆನ್ ಮತ್ತ ಮಾಫ್ ಮಾಡಂಗಿಲ್ಲಾ ಅಂತ ಹೇಳಿ ಕಳಿಸ್ಯಾನೇನೋ ಅಂತ ಹೆದರಿಕಿ ಇತ್ತು. ಆಮ್ಯಾಲ ಲೀನಾ ನಿನ್ನ ಬೈಯಾಕತ್ತಾಗ ನಾಲಿಗಿ ತುದಿತನಾ ಬಂತು. ನುಂಗಿದೆ. ನಿನ್ನ ಮ್ಯಾಲ ಹಾಕಿ ಸುಮ್ಮನ ಕುಂತೆ. ಮಾಫ್ ಮಾಡು ಕಸ್ತೂರಿ."

ನನ್ನ ಎದೆಯಿಂದ ಕಲ್ಲು ಇಳಿಯಬೇಕಿತ್ತು. ಇಳಿಯಿತು ಕೂಡ, ಆದರೆ ಆ ಜಾಗದಲ್ಲಿ ಸಿಟ್ಟು ಬಂದು ಕೂತಿತು. ಅಷ್ಟು ಜನರ ಮುಂದೆ ನಾನು ಕೈಮುಗಿದದ್ದು, ಅವ್ವ ನಿದ್ದೆಗೆಟ್ಟದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಖೀರಿನ ಬಟ್ಟಲನ್ನು ಅಲ್ಲೇ ಇಟ್ಟು ಕೆಳಗಿಳಿದೆ.

ಮೂರ್ನಾಲ್ಕು ದಿನದ ಮೇಲೆ ಅವರು ಸ್ಟೇಷನ್ನಿಗೆ ಬಂದರು. ಟಿಕೆಟ್ಟಿನ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಗಾಜಿನ ಕಿಂಡಿಗೆ ಬಾಗಿ, "ಕಸ್ತೂರಿ, ಮಾಫ್ ಮಾಡವಾ" ಎಂದರು. ಹಿಂದೆ ಹತ್ತು ಜನ ನಿಂತಿದ್ದರು. ನಾನು ಅಪರಿಚಿತರಿಗೆ ಕೇಳುವ ದನಿಯಲ್ಲಿ, "ಎಲ್ಲಿಗೆ?" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಸಾಲಿನಿಂದ ಸರಿದುಹೋದರು. ಮುಂದಿನವನಿಗೆ ಕಾಚಿಗುಡಕ್ಕೆ ಎರಡು ಟಿಕೆಟ್ ಕೊಟ್ಟೆ.

ದೀಪಾವಳಿಗೆ ಮೊದಲು ಫ್ಲೋರಾ ಬಂದು ತಾಯಿಯನ್ನು ಠಾಣೆಗೆ ಕರೆದೊಯ್ದಳು. ಅಷ್ಟರಲ್ಲಿ ನನ್ನ ಸಿಟ್ಟು ಇಳಿದಿತ್ತು. ಹೊರಡುವ ದಿನ ಇನ್ನೊಮ್ಮೆ ಕೇಳುತ್ತಾರೆ, ಆಗ ಅವರ ಕೈ ಹಿಡಿದುಕೊಂಡುಬಿಡುತ್ತೇನೆ ಎಂದು ಬಾಗಿಲು ತೆರೆದಿಟ್ಟು ಅಡುಗೆಮನೆಯಲ್ಲಿ ನಿಂತಿದ್ದೆ. ಮೌಶಿ ಅವ್ವನನ್ನು ಅಪ್ಪಿಕೊಂಡು ಅತ್ತರು. ನಡುಮನೆಯಿಂದಲೇ "ಬರತೀನಿ ಕಸ್ತೂರಿ" ಎಂದರು. ಅಷ್ಟೇ. ಬೇರೇನೂ ಕೇಳಲಿಲ್ಲ. ಕೇಳದೇ ಹೋದರಲ್ಲ ಎಂದು ಮತ್ತೆ ಮುನಿಸಿಕೊಂಡೆ. ನಾನೇ ಫೋನಾದರೂ ಮಾಡಬಹುದಿತ್ತು. ಇವತ್ತು ನಾಳೆ ಎಂದು ತಳ್ಳಿದೆ.

ಮುಂದಿನ ಆಷಾಢದಲ್ಲಿ ಫ್ಲೋರಾಳ ಫೋನು ಬಂತು. ಮಮ್ಮಿ ಹೋದಳು ಎಂದಳು. ಅತ್ತು ಮುಗಿದ ಮೇಲೆ, ಇಷ್ಟು ದಿನ ಒಳಗೇ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ: "ಹೊರಡೂ ದಿನ ನನ್ನ ಯಾಕ ಕೇಳಲಿಲ್ಲವಾ ಅವರು? ಕೇಳಿದ್ರ ನಾ ಹೂಂ ಅಂತಿದ್ದೆ."

"ನಾನೂ ಕೇಳೂ ಅಂದಿದ್ದೆ ಅಕ್ಕಾ" ಎಂದಳು ಫ್ಲೋರಾ. "ನಮ್ಮಲ್ಲೆ ಮೂರು ಸಲಾ ಕೇಳಬೇಕು. ಮೂರನೇದಕ್ಕೂ ಒಲ್ಲೆ ಅಂದ್ರ ಕೇಳಿದವರು ಬಿಡುಗಡಿ ಆಗತಾರ, ಪಾಪ ಒಲ್ಲೆ ಅಂದವರಿಗೆ ಹೋಗತೈತಿ. ಮಮ್ಮಿ ಎರಡು ಸಲಾ ಕೇಳಿದ್ಲಂತ. 'ಅಕಿ ಸಿಟ್ಟಿನಾಕಿ, ಮತ್ತ ಒಲ್ಲೆ ಅಂದಗಿಂದ್ರ ಅಕಿ ಮ್ಯಾಲ ಬರತೈತಿ. ಒಮ್ಮೆ ಹಾಕಿದ್ದ ಸಾಕು, ಇದು ನನ್ನ ಕಡೇನ ಇರಲಿ' ಅಂದ್ಲು. ಹೋಗೂ ತನಕಾ ಕೇಳಲೇ ಇಲ್ಲ."

ಫೋನು ಇಟ್ಟು ನಮ್ಮ ಹೊಸ್ತಿಲಿಗೆ ಬಂದು ನಿಂತೆ. ಎದುರಿನ ಮನೆಗೆ ಆಗಲೇ ಬೇರೆ ಯಾರೋ ಬಂದಿದ್ದರು. ಕ್ಷಮೆ ಕೊಡಬೇಕಾದವಳು ನಾನು, ಆದರೂ ಅವರೇ ಬಂದು ಕೇಳಲಿ ಎಂದು ಕಾದೆ. ಅವರು ಎದುರಿಗಿದ್ದಷ್ಟು ದಿನ ಎದ್ದು ಹೋಗಿ ಕೊಟ್ಟುಬರಬಹುದು ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ. ನಡುವೆ ಇದ್ದದ್ದು ನಾಲ್ಕೇ ಹೆಜ್ಜೆ.